ಓವರ್‌ಕ್ಲಾಕ್‌ಗೆ ಮದರ್‌ಬೋರ್ಡ್: ವಾಟ್‌ನಿಂದ ಶುರು ಮಾಡಿದ ಲೆಕ್ಕ

ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನೋ ಮೆಮೊರಿಯನ್ನೋ ಕಾರ್ಖಾನೆ ನಿಗದಿ ಮಾಡಿದ್ದಕ್ಕಿಂತ ವೇಗವಾಗಿ ಓಡಿಸುವುದು. ಅದಕ್ಕೆಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದನ್ನೆಲ್ಲ ಓದಿ ಮದರ್‌ಬೋರ್ಡ್ ಆರಿಸಲು ಹೊರಟರೆ ತಲೆ ಕೆಡುವುದು ಖಚಿತ. ನಾನು ತಿರುಗಾಮುರುಗಾ ಹೋದೆ. ಮೊದಲು ಪ್ರೊಸೆಸರ್, ಆಮೇಲೆ ಅದು ಎಳೆಯುವ ವಾಟ್, ಅಷ್ಟು ವಾಟ್‌ಗೆ ಬೇಕಾದ ಆಂಪ್, ಆ ಆಂಪ್‌ಗಳು ಹುಟ್ಟಿಸುವ ಶಾಖ. ಆ ಶಾಖವನ್ನು ತಡೆದುಕೊಳ್ಳುವ ಬೋರ್ಡ್‌ಗಳನ್ನಷ್ಟೇ ಉಳಿಸಿಕೊಂಡು, ನಂತರವೇ ಪೋರ್ಟು, ಸ್ಲಾಟುಗಳ ಕಡೆ ನೋಡಿದೆ.

ನನ್ನ ಪ್ರೊಸೆಸರ್ ಎಎಂಡಿಯ ರೈಜನ್ 9 7950ಎಕ್ಸ್. 16 ಕೋರ್, ಬೋರ್ಡ್‌ನಲ್ಲಿ ಅದು ಕೂರುವ ಜಾಗ ಎಎಂ5 ಸಾಕೆಟ್. ಕಾರ್ಖಾನೆಯ ಮಿತಿಗಳು ಹೀಗಿವೆ: ಪಿಪಿಟಿ 230 ವಾಟ್, ಟಿಡಿಸಿ 160 ಆಂಪ್, ಇಡಿಸಿ 225 ಆಂಪ್. ಪಿಪಿಟಿ ಎಂದರೆ ಸಾಕೆಟ್‌ಗೆ ಹೋಗುವ ಒಟ್ಟು ವಿದ್ಯುತ್. ಟಿಡಿಸಿ ಎಂದರೆ ಎಡೆಬಿಡದೆ ಎಳೆಯಬಹುದಾದ ಆಂಪ್, ಇಡಿಸಿ ಎಂದರೆ ಕ್ಷಣಮಾತ್ರ ಏರಬಹುದಾದ ಆಂಪ್. ಎಎಂಡಿ ಘೋಷಿಸುವ 170 ವಾಟ್ ಟಿಡಿಪಿಯನ್ನು (ಕೂಲರ್ ಆರಿಸಲೆಂದು ಕೊಡುವ ಅಂಕಿ) ನಂಬಿ ಬೋರ್ಡ್ ಕೊಂಡವರು ಮೊದಲ ಹೆಜ್ಜೆಯಲ್ಲೇ 60 ವಾಟ್ ತಪ್ಪುತ್ತಾರೆ.

ಬೋರ್ಡ್‌ನ ಪೋರ್ಟು, ಸ್ಲಾಟುಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್‌ಸೆಟ್‌ನ ವಿಷಯ ಬೇಗ ಮುಗಿಯುತ್ತದೆ. ಎಎಂಡಿಯಲ್ಲಿ ಎ620 ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ರ್‍ಯಾಮ್‌ನದು ಮಾತ್ರ ಉಂಟು. ಬಿ650, ಎಕ್ಸ್670 ಬೋರ್ಡ್‌ಗಳಲ್ಲಿ ಎರಡೂ ಸಾಧ್ಯ. ಎಕ್ಸ್670ಇ ಎನ್ನುವುದು ಬಿ650ಯಲ್ಲಿರುವ ಅದೇ ಚಿಪ್ ಎರಡನ್ನು ಒಂದಕ್ಕೊಂದು ಪೋಣಿಸಿದ್ದು. ಹೆಚ್ಚಾಗುವುದು ಪೋರ್ಟು ಮತ್ತು ಲೇನ್‌ಗಳು (ಕಾರ್ಡ್, ಎಸ್‌ಎಸ್‌ಡಿಗಳಿಗೆ ದತ್ತಾಂಶ ಸಾಗುವ ದಾರಿಗಳು), ಗಿಗಾಹರ್ಟ್ಸ್ ಅಲ್ಲ. ಹಾಗಾಗಿ ನಾನು ಒಳ್ಳೆಯ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಇರುವ ಬಿ650 ಬೋರ್ಡ್‌ಗಳಲ್ಲೇ ಹುಡುಕಿದೆ. ಇಂಟೆಲ್‌ನಲ್ಲಿ ಮಾತ್ರ ಲೆಕ್ಕ ಬೇರೆ: ಗುಣಕ (ಮೂಲ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂಬ ಅಂಕಿ) ಏರಿಸಬೇಕಾದರೆ ಕೆ ಅಕ್ಷರದ ಪ್ರೊಸೆಸರ್ ಜೊತೆಗೆ ಝಡ್ ಸರಣಿಯ ಚಿಪ್‌ಸೆಟ್ ಬೇಕೇ ಬೇಕು. ಅಲ್ಲಿ ಬಿ ಸರಣಿ ತೆಗೆದುಕೊಂಡರೆ, 2021ರ ಬಿ560ರಿಂದ ಈಚೆಗೆ ರ್‍ಯಾಮ್ ವೇಗವನ್ನಷ್ಟೇ ಏರಿಸಬಹುದು.

ಇನ್ನು ವಿಆರ್‌ಎಂ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು 1.2 ವೋಲ್ಟ್‌ಗೆ ಇಳಿಸುವ ಭಾಗ ಇದು. ಸಾಕೆಟ್‌ನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತಿರುತ್ತದೆ. 230 ವಾಟ್‌ನಲ್ಲಿ ಎಸ್‌ಒಸಿ (ಪ್ರೊಸೆಸರ್‌ನೊಳಗೆ ಕೋರ್ ಬಿಟ್ಟು ಮೆಮೊರಿ ನಿಯಂತ್ರಕ ಮುಂತಾದವಿರುವ ಭಾಗ) ಮೊದಲಾದವುಗಳಿಗೆ ಸುಮಾರು 30 ವಾಟ್ ಕಳೆದರೆ ಕೋರ್‌ಗಳಿಗೆ 200 ವಾಟ್ ಉಳಿಯಿತು. 200ನ್ನು 1.2ರಿಂದ ಭಾಗಿಸಿದರೆ 167 ಆಂಪ್. 14 ಫೇಸ್ (ಈ ಭಾರವನ್ನು ಹಂಚಿಕೊಳ್ಳುವ ವಿಆರ್‌ಎಂನ ಸಮಾನ ಘಟಕಗಳು) ಇರುವ ಬೋರ್ಡ್‌ನಲ್ಲಿ ಒಂದೊಂದರ ಪಾಲಿಗೆ 12 ಆಂಪ್ ಬರುತ್ತದೆ, 8 ಇರುವಲ್ಲಿ 21, 6 ಇರುವಲ್ಲಿ 28. ಫೇಸ್‌ನಲ್ಲಿ ಆಂಪ್ ಹರಿಸುವ ಚಿಪ್ ಆದ ಪವರ್ ಸ್ಟೇಜ್‌ಗೆ 60 ಆಂಪ್, 80 ಆಂಪ್ ಎಂದು ಹೇಳಿರುವುದರಿಂದ 28 ಏನು ಮಹಾ ಎನಿಸಬಹುದು. ಆ ಅಂಕಿ ಆದರ್ಶ ತಂಪಿನಲ್ಲಿ ಅಳೆದದ್ದು. ವಾಹಕದಲ್ಲಾಗುವ ನಷ್ಟ ಆಂಪ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಫೇಸ್‌ಗೆ ಆಂಪ್ ಇಮ್ಮಡಿಯಾದರೆ ಆ ಫೇಸ್‌ನಲ್ಲಿ ಈ ನಷ್ಟ ನಾಲ್ಕು ಪಟ್ಟು. ಒಟ್ಟು ದಕ್ಷತೆ ಶೇ. 90 ಎಂದು ಹಿಡಿದರೂ 230 ವಾಟ್ ಹೊರಗೆ ಕೊಡಲು 255 ವಾಟ್ ಒಳಗೆ ಬರಬೇಕು. ನಡುವಿನ 25 ವಾಟ್ ಅಲ್ಲೇ ಶಾಖವಾಗಿ ಕೂರುತ್ತದೆ. ಬೆರಳಗಲದ ಜಾಗದಲ್ಲಿ ಒಂದು ಸಣ್ಣ ಬೆಸುಗೆ ಕಡ್ಡಿಯಷ್ಟು ಶಾಖ.

ಫೇಸ್‌ಗಳ ಎಣಿಕೆಯಲ್ಲಿ ಜಾಣತನದ ಮಾರಾಟ ಬಹಳ ನಡೆಯುತ್ತದೆ. 14+2+1 ಎಂದರೆ 14 ಕೋರ್‌ಗಳಿಗೆ, 2 ಎಸ್‌ಒಸಿಗೆ, 1 ಇತರೆಗೆ. ಆದರೆ ಆ 14 ನಿಜಕ್ಕೂ 14 ಆಗಿರಬೇಕಿಲ್ಲ. ನಿಯಂತ್ರಕ ಚಿಪ್ 7 ಸಂಕೇತ ಮಾತ್ರ ಹೊರಡಿಸಿ, ಒಂದೊಂದಕ್ಕೂ ಎರಡು ಪವರ್ ಸ್ಟೇಜ್ ಜೋಡಿಸಿರುವುದೂ ಉಂಟು. ಇದು ಮೋಸವೇನಲ್ಲ, ಶಾಖ ಹಂಚಿಹೋಗುವುದಂತೂ ನಿಜ. ಆದರೆ ವೋಲ್ಟೇಜ್‌ನ ಏರಿಳಿತದ ಮಟ್ಟಿಗೆ ಅದು 7 ಫೇಸೇ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ಪವರ್ ಸ್ಟೇಜ್‌ನ ಜಾತಿಯಲ್ಲಿ. ವಿದ್ಯುತ್ತನ್ನು ಹಾಯಿಸಿ ತಡೆಯುವ ಎರಡು ಸ್ವಿಚ್, ಅಂದರೆ ಮಾಸ್‌ಫೆಟ್‌ಗಳು, ಮತ್ತು ಅವನ್ನು ನಡೆಸುವ ಡ್ರೈವರ್ ಒಂದೇ ಚಿಪ್‌ನೊಳಗೆ ಇರುವಂಥದ್ದು ಒಂದು ಬಗೆ. ಬಿಡಿ ಮಾಸ್‌ಫೆಟ್‌ಗಳನ್ನು ಪಕ್ಕಪಕ್ಕ ಬೆಸೆದಿರುವುದು ಇನ್ನೊಂದು. ಬಿಡಿ ಮಾಸ್‌ಫೆಟ್ ಇರುವ 10 ಫೇಸ್‌ಗಿಂತ ಒಳ್ಳೆಯ ಪವರ್ ಸ್ಟೇಜ್ ಇರುವ 8 ಫೇಸ್ ಮೇಲು. ಇದನ್ನು ತಯಾರಕರ ಪುಟದಲ್ಲಿ ಹುಡುಕಬೇಡಿ. ಹೀಟ್‌ಸಿಂಕ್ ಬಿಚ್ಚಿ ಚಿಪ್‌ನ ಹೆಸರು ಓದಿ ತೋರಿಸುವ ವಿಮರ್ಶೆಗಳನ್ನು ಹುಡುಕಿ, ಆ ಚಿಪ್‌ನ ಡೇಟಾಶೀಟ್ ತೆರೆಯಿರಿ. 10ರಿಂದ 25 ಆಂಪ್ ನಡುವೆ ನಷ್ಟದ ಗೆರೆ ಹೇಗೆ ಏರುತ್ತದೆ ಎಂಬುದೊಂದೇ ಸಾಕು.

ಹೀಟ್‌ಸಿಂಕ್ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ನುಣ್ಣಗಿನ ಅಲ್ಯುಮಿನಿಯಂ ದಿಮ್ಮಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ದೀಪ ಹಚ್ಚಿದ್ದರೆ ಅದು ಅಲಂಕಾರ. ದಿಮ್ಮಿ ಶಾಖವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ಹತ್ತು ನಿಮಿಷದ ಪರೀಕ್ಷೆಯಲ್ಲಿ ತಂಪಾಗಿ ಕಂಡದ್ದು ಅರ್ಧ ಗಂಟೆಗೆ ಬಣ್ಣ ಬದಲಿಸುತ್ತದೆ. ಗಾಳಿಗೆ ಒಡ್ಡುವ ಮೇಲ್ಮೈ ಬೇಕು ಎಂದರೆ ಸೀಳುಗಳು ಆಳವಾಗಿರಬೇಕು. ಎರಡು ಹೀಟ್‌ಸಿಂಕ್‌ಗಳನ್ನು ಹೀಟ್‌ಪೈಪ್ ಜೋಡಿಸಿದ್ದರೆ ಇನ್ನೂ ಒಳ್ಳೆಯದು. ಹಿಂಬದಿಯಿಂದ ಸ್ಕ್ರೂ ಬಿಗಿದಿದೆಯೋ ಪ್ಲಾಸ್ಟಿಕ್ ಪಿನ್ ಚುಚ್ಚಿದೆಯೋ ಎಂದೂ ನೋಡಿ. ಪಿನ್ನಿನ ಹಿಡಿತ ಸಡಿಲ, ಶಾಖ ಸಾಗಿಸುವ ಪ್ಯಾಡ್ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಲಿಕ್ವಿಡ್ ಕೂಲರ್ ಹಾಕುವವರು ಒಂದು ವಿಷಯ ಮರೆಯುತ್ತಾರೆ: ಗೋಪುರದಂಥ ಏರ್ ಕೂಲರ್ ಸುತ್ತಮುತ್ತ ಗಾಳಿ ಆಡಿಸುತ್ತದೆ, ಪಂಪ್ ಅದನ್ನು ಮಾಡುವುದಿಲ್ಲ. ನನ್ನದು 360 ಮಿಲಿಮೀಟರ್ ರೇಡಿಯೇಟರ್. ಅದನ್ನು ಕೇಸ್‌ನ ಮುಂಭಾಗಕ್ಕೆ ಹಾಕಿ, ಮೇಲ್ಭಾಗದಲ್ಲಿ 140 ಮಿಲಿಮೀಟರ್ ಫ್ಯಾನ್ ಒಂದನ್ನು ವಿಆರ್‌ಎಂಗೆ ನೇರವಾಗಿ ಬಿಟ್ಟೆ.

8 ಪಿನ್ ಸಿಪಿಯು ಕನೆಕ್ಟರ್ ಎಷ್ಟು ಬೇಕು ಎಂಬ ವಾದಕ್ಕೂ ಲೆಕ್ಕವೇ ಉತ್ತರ. ಒಳಗೆ ಬರುವ 255 ವಾಟ್‌ಗೆ 12 ವೋಲ್ಟ್‌ನಲ್ಲಿ 21 ಆಂಪ್ ಬೇಕು. 8ರಲ್ಲಿ ನಾಲ್ಕು ಪಿನ್ 12 ವೋಲ್ಟ್, ಉಳಿದ ನಾಲ್ಕು ಗ್ರೌಂಡ್. ಪಿನ್‌ಗೆ 5.3 ಆಂಪ್ ಬಿತ್ತು, ಒಂದೇ ಕನೆಕ್ಟರ್ ಧಾರಾಳ. 320 ವಾಟ್ ಎಳೆಯುವಂತೆ ಬಿಟ್ಟ ಇಂಟೆಲ್ ಐ9 ಆದರೆ ಪಿನ್‌ಗೆ 7.4 ಆಂಪ್ ಆಗುತ್ತದೆ. ಅಲ್ಲಿ ಎರಡನೆಯದನ್ನೂ ಚುಚ್ಚುವುದು ಮರ್ಯಾದೆ. ಜೋಡಿಸುವಾಗ ಈ ಕೇಬಲ್ಲನ್ನು ಬೋರ್ಡ್ ಕೂರಿಸುವ ಮೊದಲೇ ಮೂಲೆಗೆ ಎಳೆದಿಟ್ಟುಕೊಳ್ಳಿ. ಮೇಲೆ ಫ್ಯಾನ್ ಬಿಗಿದ ಮೇಲೆ ಬೆರಳು ತೂರುವುದಿಲ್ಲ.

ಭಾರ ಬಿದ್ದಾಗ ವೋಲ್ಟೇಜ್ ಎಷ್ಟು ಕುಸಿಯಬೇಕೆಂದು ನಿರ್ಧರಿಸುವ ಲೋಡ್‌ಲೈನ್ ಸೆಟ್ಟಿಂಗ್ ಓವರ್‌ಕ್ಲಾಕ್‌ಗೆ ಒಗ್ಗುವ ಬಹುತೇಕ ಬೋರ್ಡ್‌ಗಳಲ್ಲಿ ಇರುತ್ತದೆ. ಎಷ್ಟು ಹಂತಗಳಿವೆ, ಕೈಪಿಡಿಯಲ್ಲಿ ವಿವರಿಸಿದ್ದಾರೋ ಎಂಬುದನ್ನು ಖರೀದಿಗೆ ಮೊದಲೇ ಪಿಡಿಎಫ್ ಇಳಿಸಿಕೊಂಡು ನೋಡಿದೆ. ದಾರಿಯ ರೋಧ 1 ಮಿಲಿಓಮ್ ಇದ್ದರೆ 160 ಆಂಪ್‌ಗೆ 0.16 ವೋಲ್ಟ್ ಕುಸಿಯುತ್ತದೆ. 1.25 ಇಟ್ಟದ್ದು ಭಾರ ಬಿದ್ದಾಗ 1.09 ಆಗುತ್ತದೆ, ಕಂಪ್ಯೂಟರ್ ನಿಲ್ಲುತ್ತದೆ. ಅದಕ್ಕೆಂದು ಲೋಡ್‌ಲೈನನ್ನು ಅತಿ ಗಟ್ಟಿ ಹಂತಕ್ಕೆ ಏರಿಸುವವರಿದ್ದಾರೆ. ಆಗ ಭಾರ ಥಟ್ಟನೆ ಇಳಿದ ಗಳಿಗೆಯಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಅದು ಯಾವ ಸಾಫ್ಟ್‌ವೇರ್‌ನಲ್ಲೂ ಕಾಣುವುದಿಲ್ಲ, ಆಸಿಲೋಸ್ಕೋಪ್‌ನಲ್ಲಿ ಮಾತ್ರ ಕಾಣುತ್ತದೆ. ಸ್ಥಿರ ವೇಗದ ಓವರ್‌ಕ್ಲಾಕ್ ಮಾಡುವವರಿಗೆ ನಡುವಿನ ಹಂತ ಸಾಕು. ಪಿಬಿಒ (ಮಿತಿಯೊಳಗೆ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವ ಎಎಂಡಿಯ ಸೌಲಭ್ಯ) ಬಳಸುವವರು ಆಟೋದಲ್ಲೇ ಬಿಡಿ.

ರ್‍ಯಾಮ್‌ಗೆ ನಾಲ್ಕು ಸ್ಲಾಟ್ ಕಂಡರೆ ನಾಲ್ಕನ್ನೂ ತುಂಬುವ ಆಸೆ ಸಹಜ. ಎಎಂ5ನಲ್ಲಿ ಅದು ದುಬಾರಿ ಆಸೆ. ರೈಜನ್ 7000 ಸರಣಿಗೆ ಎರಡು ಕಡ್ಡಿಗಳಿದ್ದರೆ ಎಎಂಡಿಯ ಅಧಿಕೃತ ವೇಗ 5200, ನಾಲ್ಕಿದ್ದರೆ 3600. ನಾನು 16 ಜಿಬಿಯ ನಾಲ್ಕರ ಬದಲು 32 ಜಿಬಿಯ ಎರಡು ಕಡ್ಡಿ, 6000 ವೇಗದ್ದು, ಎಕ್ಸ್‌ಪೋ ಪ್ರೊಫೈಲ್ (ಆ ವೇಗದ ಸೆಟ್ಟಿಂಗ್‌ಗಳನ್ನು ಕಡ್ಡಿಯಲ್ಲೇ ಬರೆದಿಟ್ಟಿರುವುದು) ಇರುವುದನ್ನು ತೆಗೆದುಕೊಂಡೆ. ಬೋರ್ಡ್ ತಯಾರಕರು ಪರೀಕ್ಷಿಸಿದ ಕಡ್ಡಿಗಳ ಪಟ್ಟಿ ಕ್ಯೂವಿಎಲ್‌ನಲ್ಲಿ ಅದರ ಪೂರ್ತಿ ಪಾರ್ಟ್ ನಂಬರ್ ಇದೆಯೇ ಎಂದು ಅಕ್ಷರ ಅಕ್ಷರ ತಾಳೆ ನೋಡಿ. ಒಂದೇ ಹೆಸರಿನಡಿ ಬೇರೆ ಬೇರೆ ಚಿಪ್ ಹಾಕಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು. ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ, ಅಂದರೆ ಎ2 ಮತ್ತು ಬಿ2ಗೆ ಹಾಕಬೇಕು. ತಂತಿ ಹತ್ತಿರದ ಸ್ಲಾಟ್ ಹಾದು ದೂರದ್ದರಲ್ಲಿ ಮುಗಿಯುತ್ತದೆ. ಹತ್ತಿರದ್ದಕ್ಕೆ ಕಡ್ಡಿ ಹಾಕಿ ದೂರದ್ದನ್ನು ಖಾಲಿ ಬಿಟ್ಟರೆ, ಉಳಿದ ತುಂಡು ತಂತಿಯ ತುದಿಯಿಂದ ಸಂಕೇತ ಪ್ರತಿಧ್ವನಿಯಂತೆ ವಾಪಸು ಬಂದು ಕಲಸುಮೇಲೋಗರವಾಗುತ್ತದೆ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪು. ಡ್ರ್ಯಾಮ್ ಎಂದು ಬರೆದ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಡಿಡಿಆರ್5 ತನ್ನ ಸಮಯಗಳನ್ನು ತಾನೇ ಹೊಂದಿಸಿಕೊಳ್ಳುವ ಟ್ರೇನಿಂಗ್ ಇದು. 64 ಜಿಬಿಗೆ ಹಲವು ನಿಮಿಷ ಹಿಡಿಯುವುದುಂಟು. ಬೋರ್ಡ್ ಸತ್ತಿದೆ ಎಂದುಕೊಂಡು ಎರಡೇ ನಿಮಿಷಕ್ಕೆ ಪ್ಲಗ್ ಕಿತ್ತರೆ ಟ್ರೇನಿಂಗ್ ಮತ್ತೆ ಮೊದಲಿನಿಂದ. ಕನಿಷ್ಠ ಹದಿನೈದು ನಿಮಿಷ ಮುಟ್ಟಬೇಡಿ.

ಓವರ್‌ಕ್ಲಾಕ್ ಎಂದರೆ ಪದೇ ಪದೇ ಬೂಟ್ ಆಗದೆ ನಿಲ್ಲುವುದು ಎಂದೇ ಅರ್ಥ. ಆದ್ದರಿಂದ ಹಿಂಬದಿಯ ಪ್ಯಾನೆಲ್‌ನಲ್ಲಿ ಕ್ಲಿಯರ್ ಸಿಮಾಸ್ ಗುಂಡಿ (ಸೆಟ್ಟಿಂಗ್‌ಗಳನ್ನೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿಸುವುದು) ಇರುವ ಬೋರ್ಡ್ ಬೇಕೆಂದು ಹಟ ಹಿಡಿದೆ. ಅದಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್‌ನ ಅಡಿಯಲ್ಲಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ತಾಗಿಸಲು ಪ್ರತಿಸಲವೂ ಕಾರ್ಡ್ ಬಿಚ್ಚಬೇಕಾದೀತು. ಬೂಟ್ ಎಲ್ಲಿ ನಿಂತಿತೆಂದು ತೋರಿಸುವ ಎರಡಂಕಿಯ ಪೋಸ್ಟ್ ಕೋಡ್ ಇದ್ದರೆ ಅನುಕೂಲ, ನಾಲ್ಕು ಎಲ್‌ಇಡಿ ಇದ್ದರೂ ನಡೆಯುತ್ತದೆ. ಬೋರ್ಡ್‌ನ ಮೂಲ ತಂತ್ರಾಂಶವಾದ ಬಯಾಸನ್ನು ಪೆನ್‌ಡ್ರೈವ್‌ನಿಂದ ನೇರವಾಗಿ ಬದಲಿಸುವ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿಯಲ್ಲಿ ಮಾತ್ರ ರಾಜಿ ಇಲ್ಲ. ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್, ಕೈಪಿಡಿ ಹೇಳಿದ ಹೆಸರಿಗೆ ಬದಲಿಸಿದ ಫೈಲ್, ಗುರುತು ಮಾಡಿದ ಯುಎಸ್‌ಬಿ ಪೋರ್ಟ್, 24 ಪಿನ್ ಮತ್ತು 8 ಪಿನ್ ವಿದ್ಯುತ್. ಪ್ರೊಸೆಸರ್ ಇಲ್ಲದೆಯೂ ಕೆಲಸ ಆಗುತ್ತದೆ. ದೀಪ ಮಿನುಗುವುದು ನಿಲ್ಲುವವರೆಗೆ ವಿದ್ಯುತ್ ತೆಗೆಯಬೇಡಿ. ಹೊಸ ಬಯಾಸ್ ಏಕೆ ಮುಖ್ಯ ಎಂಬುದಕ್ಕೆ 2023ರ ಪ್ರಸಂಗ ಸಾಕು: 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ವರದಿಗಳು ಬಂದ ಮೇಲೆ, ಎಎಂಡಿ ಎಸ್‌ಒಸಿ ವೋಲ್ಟೇಜ್‌ಗೆ 1.3ರ ಮಿತಿ ಹಾಕಿದ್ದು ಬಯಾಸ್ ಮೂಲಕವೇ. ನಾನು ಎಕ್ಸ್‌ಪೋ ಹಚ್ಚಿದ ಮೇಲೆ ಎಸ್‌ಒಸಿಯನ್ನು ಆಟೋದಲ್ಲಿ ಬಿಡದೆ ಕೈಯಾರೆ 1.2ಕ್ಕೆ ಇಳಿಸಿದೆ.

ಲೇನ್ ಹಂಚಿಕೆಯ ಪುಟವನ್ನು ಕೈಪಿಡಿಯಲ್ಲಿ ಒಮ್ಮೆ ಓದಿದರೆ ಸಾಕು. ಎಸ್‌ಎಸ್‌ಡಿ ಕೂರುವ ಒಂದು ಎಂ.2 ಸ್ಲಾಟ್ ತುಂಬಿದರೆ, ಕೇಬಲ್‌ನಿಂದ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳು ಸಾಯುವ ಬೋರ್ಡ್‌ಗಳಿವೆ. ಎಕ್ಸ್870 ಸರಣಿಯ ಕೆಲವು ಬೋರ್ಡ್‌ಗಳಲ್ಲಿ ಯುಎಸ್‌ಬಿ4 ಮತ್ತು ಒಂದು ಎಂ.2 ಸ್ಲಾಟ್ ಲೇನ್‌ಗಳನ್ನು ಹಂಚಿಕೊಳ್ಳುತ್ತವೆ. ಎಂ.2 ಹೀಟ್‌ಸಿಂಕ್‌ನ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯದಿರಿ, ಎಸ್‌ಎಸ್‌ಡಿ ಬಿಸಿಯಾಗುತ್ತದೆ ಎಂಬ ದೂರುಗಳಲ್ಲಿ ಎಷ್ಟೋ ಇದರದ್ದೇ.

ಬೋರ್ಡ್ ಬಂದ ಮೇಲೆ, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ, ವಿಆರ್‌ಎಂ ಪರೀಕ್ಷೆ. ಕೇಸ್ ಮುಚ್ಚಿ, ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹಾಕುವ ಪ್ರೈಮ್95 ತಂತ್ರಾಂಶದ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಅರ್ಧ ಗಂಟೆ. ಸೆನ್ಸರ್‌ಗಳನ್ನು ಓದುವ ಎಚ್‌ಡಬ್ಲ್ಯುಇನ್ಫೋದಲ್ಲಿ ವಿಆರ್‌ಎಂ ಉಷ್ಣತೆ, ಸಿಪಿಯು ಪ್ಯಾಕೇಜ್ ಪವರ್, ಕೋರ್ ವೇಗ ಮೂರನ್ನೂ ಲಾಗ್ ಮಾಡಿದೆ. ಉಷ್ಣತೆಯ ಗೆರೆ ಇಪ್ಪತ್ತು ನಿಮಿಷಕ್ಕೆ ಸಮತಟ್ಟಾಗಬೇಕು. ನಾನಿಟ್ಟುಕೊಂಡ ಮಿತಿ 90 ಡಿಗ್ರಿ ಸೆಲ್ಸಿಯಸ್. ಪವರ್ ಸ್ಟೇಜ್ ಇನ್ನೂ ಹೆಚ್ಚು ತಡೆಯುತ್ತದೆ, ನಿಜ. ಆದರೆ ಪಕ್ಕದಲ್ಲೇ ಕೆಪಾಸಿಟರ್‌ಗಳಿವೆ. ಅವುಗಳ ಮೇಲೆ 5ಕೆ ಎಂದು ಬರೆದಿದ್ದರೆ 105 ಡಿಗ್ರಿಯಲ್ಲಿ 5,000 ಗಂಟೆ ಎಂದರ್ಥ, ತಂಪಾಗಿದ್ದಷ್ಟೂ ಆಯುಷ್ಯ ಹೆಚ್ಚು. ಕೋರ್ ವೇಗ ಗರಗಸದ ಹಲ್ಲಿನಂತೆ ಬಿದ್ದು ಏಳುತ್ತಿದ್ದು, ಪ್ರೊಸೆಸರ್ ಮಾತ್ರ 95 ಮುಟ್ಟದಿದ್ದರೆ, ಬೋರ್ಡೇ ಕೈಚೆಲ್ಲಿ ಪ್ರೊಸೆಸರನ್ನು ಹಿಡಿದೆಳೆಯುತ್ತಿದೆ ಎಂದು ತಿಳಿಯಿರಿ.

ಕೊನೆಗೆ ಉಳಿಸಿಕೊಂಡ ಸೆಟ್ಟಿಂಗ್: ಪಿಪಿಟಿ 230ರಲ್ಲೇ, ಉಷ್ಣ ಮಿತಿ 85, ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್ ಎಲ್ಲ ಕೋರ್‌ಗೂ ಮೈನಸ್ 20, ಅತಿ ವೇಗದ ಎರಡು ಕೋರ್‌ಗೆ ಮಾತ್ರ ಮೈನಸ್ 10. ಒಂದೊಂದು ಹಂತ 3ರಿಂದ 5 ಮಿಲಿವೋಲ್ಟ್. ಇಲ್ಲಿ ಒಂದು ವಿಚಿತ್ರ ಇದೆ. ಮೈನಸ್ ಅತಿಯಾದರೆ ಯಂತ್ರ ಬೀಳುವುದು ಭಾರ ಹಾಕಿದಾಗಲ್ಲ, ಸುಮ್ಮನೆ ಬ್ರೌಸರ್ ತೆರೆದಿಟ್ಟಾಗ. ಒಂದೇ ಕೋರ್ 5.7 ಗಿಗಾಹರ್ಟ್ಸ್‌ಗೆ ಜಿಗಿಯುವುದು ಆಗಲೇ. ಆದ್ದರಿಂದ ಕೋರ್‌ಸೈಕ್ಲರ್ ಎಂಬ ತಂತ್ರಾಂಶದಲ್ಲಿ ಒಂದೊಂದೇ ಕೋರನ್ನು ರಾತ್ರಿಯಿಡೀ ಪರೀಕ್ಷಿಸಬೇಕು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವ್ಹೀಯಾ ಲಾಗರ್ 18 (ಹಾರ್ಡ್‌ವೇರ್ ದೋಷದ ದಾಖಲೆ) ಕಂಡರೆ ಅದರಲ್ಲಿ ಕೊಟ್ಟಿರುವ ಎಪಿಐಸಿ ಐಡಿ ಎಂಬ ಸಂಖ್ಯೆಯನ್ನು 2ರಿಂದ ಭಾಗಿಸಿ, ಶೇಷ ಬಿಡಿ. ಬೀಳುತ್ತಿರುವ ಕೋರ್ ಅದೇ. ಅದರ ಮೈನಸ್ಸನ್ನು 5ರಷ್ಟು ತಗ್ಗಿಸಿ, ಅಂದರೆ ಮೈನಸ್ 20 ಇದ್ದರೆ ಮೈನಸ್ 15 ಮಾಡಿ.

ಹೊಸ ಬಯಾಸ್ ಹಾಕಿದಾಗ ಉಳಿಸಿಟ್ಟ ಪ್ರೊಫೈಲ್‌ಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ, ಹಳೆಯ ಪ್ರೊಫೈಲ್ ಫೈಲನ್ನು ಹೊಸದು ಒಪ್ಪದಿರುವುದೂ ಉಂಟು. ಸೆಟ್ಟಿಂಗ್ ಬದಲಿಸಿದ ಪ್ರತಿ ಪುಟದ ಫೋಟೋ ಫೋನಿನಲ್ಲಿರಲಿ.