ಹಲಗೆಯ ಮೇಲೆ ಉಳಿದ ‘ಖಾಲಿ ದೋಸೆ’

ಅಗಲಿದ ಪ್ರೇಯಸಿಯ ನೆನಪನ್ನು ಮಿದುಳಿನಿಂದಲೇ ತೆಗೆಸಿಹಾಕಲು ಹೊರಟವನ ಕಥೆಯಾದ, ಮಿಶೆಲ್ ಗೊಂಡ್ರಿ ನಿರ್ದೇಶನದ ‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’ (2004) ಚಿತ್ರವನ್ನು ನಾಲ್ಕೈದು ಬಾರಿ ನೋಡಿದ ಮೇಲೆ, ದಾವಣಗೆರೆಯಲ್ಲಿ ಅಂಥದ್ದೇ ವಸ್ತುವಿನ ಹನ್ನೆರಡು ನಿಮಿಷದ ಕಿರುಚಿತ್ರ ಮಾಡುವ ಧೈರ್ಯ ನನಗೆ ಬಂತು. ಗ್ರಾಫಿಕ್ಸಿಗೆ ಹಣವಿರಲಿಲ್ಲ. ಆದರೆ ಆ ಚಿತ್ರದ ಎಷ್ಟೋ ಚಮತ್ಕಾರಗಳು ಸೆಟ್ಟಿನಲ್ಲೇ ನಡೆದಂಥವು; ಒಂದೇ ಶಾಟಿನಲ್ಲಿ ಎರಡು ಕಡೆ ಕಾಣಿಸಿಕೊಳ್ಳಲು ನಾಯಕನಟ ಜಿಮ್ ಕ್ಯಾರಿ ಕ್ಯಾಮೆರಾದ ಹಿಂದಿನಿಂದ ಓಡಿದ್ದಾರೆ. ಓಡುವುದಕ್ಕೆ ಖರ್ಚೇನೂ ಇಲ್ಲವಲ್ಲ!

ನಾನು ಮೊದಲು ಎಡವಿದ್ದು ಚಿತ್ರಕಥೆಯಲ್ಲಿ. ನೆನಪುಗಳನ್ನು ನಡೆದ ಕ್ರಮದಲ್ಲೇ ಅಳಿಸುತ್ತ ಹೋದುದರಿಂದ ಕೊನೆಗೆ ಉಳಿದದ್ದು ಜಗಳ ಮಾತ್ರ. ಅದು ಅಳಿಸಿಹೋದರೆ ಯಾರಿಗೆ ಸಂಕಟ? ಚಾರ್ಲಿ ಕಾಫ್‌ಮನ್ ಬರೆದ, ಆಸ್ಕರ್ ಪಡೆದ ಆ ಚಿತ್ರಕಥೆಯಲ್ಲಿ ಅಳಿಸುವ ಕೆಲಸ ಇತ್ತೀಚಿನ ಕಹಿಯಿಂದ ಹಿಂದಿನ ಸವಿಯತ್ತ ಸಾಗುತ್ತದೆ. ಆದ್ದರಿಂದಲೇ ನಾಯಕ ನಡುವೆ ಮನಸ್ಸು ಬದಲಿಸಿ, ಅವಳನ್ನು ಉಳಿಸಿಕೊಳ್ಳಲು ಹೆಣಗುತ್ತಾನೆ. ನಾನೂ ದೃಶ್ಯಗಳ ಚೀಟಿಗಳನ್ನು ತಿರುವುಮುರುವಾಗಿ ಜೋಡಿಸಿದೆ. ಕಾಲ ಯಾವುದೆಂದು ಅಲ್ಲಿ ನಾಯಕಿಯ ಕೂದಲ ಬಣ್ಣ ಸೂಚಿಸಿದರೆ, ನಾನು ಗಾಜಿನ ಬಳೆಗಳನ್ನು ನೆಚ್ಚಿಕೊಂಡೆ: ಮೊದಲ ಭೇಟಿಗೆ ಹಸಿರು, ನಂತರ ಕೆಂಪು, ಜಗಳದ ದಿನಗಳಲ್ಲಿ ಬರಿಗೈ.

ಹೆಚ್ಚು ಬೆವರಿಳಿಸಿದ್ದು ಬೆಣ್ಣೆದೋಸೆ ಹೋಟೆಲಿನ ದೃಶ್ಯ. ದೋಸೆಯ ಮೇಲೆ ಕರಗುವ ಬೆಣ್ಣೆಯನ್ನು ಕ್ಯಾಮೆರಾ ಆರು ಸೆಕೆಂಡು ನೋಡುತ್ತಿರುವಾಗ, ಗೋಡೆಯ ದರಪಟ್ಟಿಯನ್ನು ಗೆಳೆಯನೊಬ್ಬ ಒರೆಸಿ ಬಗ್ಗಿ ಮರೆಯಾಗಬೇಕು. ಕ್ಯಾಮೆರಾ ಮತ್ತೆ ಅತ್ತ ತಿರುಗಿದಾಗ ಹಲಗೆ ಬರಿದಾಗಿರಬೇಕು. ಒದ್ದೆ ಬಟ್ಟೆ ಕೊಟ್ಟದ್ದು ನನ್ನದೇ ತಪ್ಪು. ಟ್ಯೂಬ್‌ಲೈಟಿನ ಬೆಳಕಿಗೆ ಹಲಗೆ ಫಳಫಳ ಹೊಳೆದು ಮೂರು ಟೇಕುಗಳು ಹಾಳಾದವು, ಪ್ರತಿ ಸಲವೂ ಬಿಸಿ ದೋಸೆಯನ್ನು ಹೊಸದಾಗಿ ತರಿಸಬೇಕಾಯಿತು. (ತಂಡದಲ್ಲಿ ಯಾರೂ ಹಸಿದಿರಲಿಲ್ಲವೆನ್ನುವುದೊಂದೇ ಲಾಭ.) ನಾಲ್ಕನೆಯ ಟೇಕಿಗೆ ಒಣ ಬಟ್ಟೆ ಬಳಸಿದಾಗ ಹೊಳಪೇನೋ ಹೋಯಿತು, ಆದರೆ ‘ಖಾಲಿ ದೋಸೆ’ ಎಂಬ ಅಕ್ಷರಗಳ ಮಸುಕು ಸೀಮೆಸುಣ್ಣದ ಗುರುತು ಉಳಿದುಬಿಟ್ಟಿತು. ಪೂರ್ತಿ ಅಳಿದ ಹಲಗೆಗಿಂತ ಅದೇ ನನಗೆ ನಿಜವೆನಿಸಿತು. ಆ ಟೇಕನ್ನೇ ಇಟ್ಟುಕೊಂಡೆ.

ಮೊದಲ ಭೇಟಿಯನ್ನು, ಅಂದರೆ ಕೊನೆಗೆ ಅಳಿಯುವ ನೆನಪನ್ನು, ಬೆಳಗಿನ ವಾಕಿಂಗಿನವರು ಬರುವ ಮುನ್ನ ಕುಂದುವಾಡ ಕೆರೆಯ ಏರಿಯ ಮೇಲೆ ಚಿತ್ರೀಕರಿಸಿದೆವು. ನಟಿ ಫ್ರೇಮಿನಿಂದ ಆಚೆ ಸರಿದ ಮೇಲೂ ಹಸಿರು ಬಳೆಗಳ ಸದ್ದು ಮೈಕಿಗೆ ಸಿಕ್ಕಿತ್ತು. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯಲಿಲ್ಲ.