ಹಿಂದಿ ರೊಮ್ಯಾಂಟಿಕ್ ಕಾಮಿಡಿ ಈಗಷ್ಟೇ ನೋಡೋಕೆ ಶುರು ಮಾಡಿದ್ದೀರಾ?

ಹಾಗಿದ್ದರೆ ಒಂದೇ ಮಾತು, ಹಾಡು ಬಂದ ತಕ್ಷಣ ಓಡಿಸಬೇಡಿ. ನಾನೂ ಮೊದಮೊದಲು ಓಡಿಸುತ್ತಿದ್ದೆ. ಆಮೇಲೆ 'ಇವರಿಬ್ಬರು ಇಷ್ಟು ಹತ್ತಿರ ಆಗಿದ್ದು ಯಾವಾಗ?' ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ಉತ್ತರ ಆ ಹಾಡಿನಲ್ಲೇ ಇರುತ್ತಿತ್ತು! ಬಾಲಿವುಡ್‌ನಲ್ಲಿ ಎಷ್ಟೋ ಸಲ ನಾಲ್ಕೈದು ನಿಮಿಷದ ಹಾಡು ತಿಂಗಳುಗಟ್ಟಲೆ ಕಥೆಯನ್ನು ದಾಟಿಸಿಬಿಡುತ್ತದೆ.

ಶುರು ಮಾಡೋಕೆ 2007ರ 'ಜಬ್ ವಿ ಮೆಟ್' ಚೆನ್ನಾಗಿದೆ. ಇಮ್ತಿಯಾಜ್ ಅಲಿ ನಿರ್ದೇಶನ, ಕರೀನಾ ಕಪೂರ್ ಮತ್ತು ಶಾಹಿದ್ ಕಪೂರ್ ಜೋಡಿ. ಗೀತ್ ಭಟಿಂಡಾದ ಹುಡುಗಿ, ಬಾಯಿಗೆ ಬ್ರೇಕೇ ಇಲ್ಲ. ರೈಲಿನಲ್ಲಿ ಅವಳು ಮಾತು ಶುರು ಮಾಡಿದರೆ ಎದುರಿಗಿರುವವನ ಮುಖ ನೋಡಿ. ಅವನು ಸುಮ್ನೆ ಕೂತಿರುವುದೇ ಅರ್ಧ ನಗು. ನಡುನಡುವೆ ಪಂಜಾಬಿ ಬರುತ್ತದೆ, ಹಿಂದಿ ಗೊತ್ತಿದ್ದರೂ ಸಬ್‌ಟೈಟಲ್ ಹಾಕಿಕೊಳ್ಳಿ. ದ್ವಿತೀಯಾರ್ಧದಲ್ಲಿ ನಗು ಸ್ವಲ್ಪ ಕಮ್ಮಿಯಾಗುತ್ತದೆ. ಬೇಜಾರಾಗಿ ಎದ್ದು ಹೋಗಬೇಡಿ, ಗೀತ್ ಯಾಕೆ ಇಷ್ಟವಾಗುತ್ತಾಳೆ ಅಂತ ಗೊತ್ತಾಗುವುದು ಅಲ್ಲೇ.

ಹೃಷಿಕೇಶ್ ಮುಖರ್ಜಿಯವರ 'ಚುಪ್ಕೆ ಚುಪ್ಕೆ' (1975) ಆಮೇಲೆ ನೋಡಿ. ಅದರಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆದ ಧರ್ಮೇಂದ್ರ ಡ್ರೈವರ್ ವೇಷ ಹಾಕಿ, ಅತಿ ಶುದ್ಧ ಹಿಂದಿ ಮಾತಾಡಿ ಮನೆಯವರ ತಲೆ ತಿನ್ನುತ್ತಾರೆ. ಮಾಮೂಲಿ ಹಿಂದಿ ಕಿವಿಗೆ ಬಿದ್ದು ಅಭ್ಯಾಸವಾಗಿದ್ದರೆ ಈ ತಮಾಷೆ ಜಾಸ್ತಿ ಹಿಡಿಸುತ್ತದೆ. ಅಂದಹಾಗೆ, ಅವರ ಆ ಸಂಸ್ಕೃತದ ಪದಗಳು ಕನ್ನಡದವರಾದ ನಮಗೆ ಬೇಗ ಅರ್ಥವಾಗುತ್ತವೆ, ಅಲ್ವಾ?