ಹಳೇ ಕವಾಸಾಕಿ ಜೆಟ್ ಸ್ಕೀಗೆ ಮತ್ತೆ ಜೀವ ಕೊಡೋದು ಹೇಗೆ?

ಜೆಟ್ ಸ್ಕೀ ಅಂದ್ರೆ ಈಗ ನೀರಿನ ಮೇಲೆ ಕೂತ್ಕೊಂಡು ಓಡ್ಸೋ ದೊಡ್ಡ ಗಾಡಿನೇ ನೆನಪಾಗುತ್ತೆ, ಆದ್ರೆ ಬೈಕ್ ಮಾಡೋ ಕವಾಸಾಕಿಯವ್ರು 1973ರಲ್ಲಿ ಈ ಹೆಸ್ರಲ್ಲಿ ಬಿಟ್ಟಿದ್ದು ಸೀಟೇ ಇಲ್ದಿರೋ, ನಿಂತ್ಕೊಂಡು ಓಡ್ಸೋ ಗಾಡಿ. ಐಡಿಯಾ ಅಮೆರಿಕದ ಮೋಟೋಕ್ರಾಸ್ ರೈಡರ್ ಕ್ಲೇಟನ್ ಜೇಕಬ್‌ಸನ್ ಅವ್ರದ್ದು. ಆಮೇಲೆ ನೆಬ್ರಾಸ್ಕಾದ ಲಿಂಕನ್ ಫ್ಯಾಕ್ಟರೀಲಿ ತಯಾರಾಗೋಕೆ ಶುರುವಾಯ್ತು. 1977ರಿಂದ 1992ರ ತನಕ ಬಂದ ಜೆಎಸ್440 ಅನ್ನೋ ಮಾಡೆಲ್ ಅಮೆರಿಕದಲ್ಲಿ ಈಗ್ಲೂ ಸೆಕೆಂಡ್ ಹ್ಯಾಂಡ್ ಸಿಗುತ್ತೆ. 436 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಬಿಚ್ಚಿ ಜೋಡ್ಸೋಕೆ ಸಿಂಪಲ್. ವರ್ಷಗಟ್ಲೆ ನಿಂತಿದ್ದ ಗಾಡಿ ಹಾಳಾಗೋದು ಹೆಚ್ಚಾಗಿ ಮೊದಲ ಸ್ಟಾರ್ಟ್‌ಗೆ ಅವಸರ ಮಾಡೋದ್ರಿಂದ, ಅದಕ್ಕೆ ತಾಳ್ಮೆ ಬೇಕೇ ಬೇಕು.

ಮೊದ್ಲು ಹುಡ್, ಅಂದ್ರೆ ಇಂಜಿನ್ ಮೇಲಿನ ಮುಚ್ಚಳ, ತೆಗ್ದು ಗಾಳಿಯಾಡೋಕೆ ಬಿಡಿ, ಮುಚ್ಚಿದ ಜಾಗ ಅಲ್ವಾ, ಪೆಟ್ರೋಲ್ ಆವಿ ಒಳಗೇ ನಿಂತಿರುತ್ತೆ, ಒಂದು ಕಿಡಿ ಸಾಕು. ಹಳೇ ಪೆಟ್ರೋಲ್ ಪೂರ್ತಿ ತೆಗೀರಿ. ಗಟ್ಟಿಯಾದ ಪೆಟ್ರೋಲ್ ಪೈಪ್‌ಗಳು, ಕಾರ್ಬೊರೇಟರ್ ಒಳಗಿನ ಡಯಾಫ್ರಮ್ ಅನ್ನೋ ತೆಳು ಪೊರೆ ಬದಲಾಯಿಸಿ, ನೋಡೋಕೆ ಚೆನ್ನಾಗಿದೆ ಅಂತ ಉಳಿಸ್ಕೊಬೇಡಿ, ಇದ್ರಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಹೋಗೋದು, ಪೆಟ್ರೋಲ್ ಕಮ್ಮಿ ಹೋದ್ರೆ ಆಯಿಲ್ಲೂ ಕಮ್ಮಿ ಹೋಗಿ ಪಿಸ್ಟನ್ ಹಿಡ್ಕೊಳ್ಳುತ್ತೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಇಂಜಿನ್ನ ಕೈಯಲ್ಲೇ ನಿಧಾನಕ್ಕೆ ತಿರುಗ್ಸಿ. ಸಲೀಸಾಗಿ ತಿರುಗಿದ್ರೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿ, ಎರಡು ಸಿಲಿಂಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಬರ್ಬೇಕು. ಆಮೇಲೆ ಹೊಸ ಪೆಟ್ರೋಲ್ 5 ಲೀಟರಿಗೆ ಟೂ ಸ್ಟ್ರೋಕ್ ಆಯಿಲ್ 100 ಎಂಎಲ್, ಅಂದ್ರೆ 50ಕ್ಕೆ 1. ಮೈಸೂರಿನ ಯೆಜ್ದಿ ಓಡ್ಸಿದವ್ರಿಗೆ ಈ ಬೆರಕೆ ಹೊಸದೇನಲ್ಲ.

ಈಗ ಮುಖ್ಯವಾದ ವಿಷ್ಯ, ನೀರು. ಈ ಇಂಜಿನ್ ತಣ್ಣಗಾಗೋದು ಕೆರೆ ನೀರಿಂದಾನೇ, ಹಾಗಾಗಿ ನೆಲದ ಮೇಲೆ ಕೆಲವೇ ಸೆಕೆಂಡ್‌ಗಿಂತ ಜಾಸ್ತಿ ಓಡ್ಸಬೇಕಂದ್ರೆ ಇಂಜಿನ್‌ಗೆ ನಲ್ಲಿ ನೀರಿನ ಹೋಸ್ ಪೈಪ್ ಸಿಗಿಸ್ಲೇಬೇಕು. ಮೊದ್ಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದ್ಲು ನಲ್ಲಿ ಬಂದ್, ಆಮೇಲೆ ಇಂಜಿನ್. ಉಲ್ಟಾ ಮಾಡಿದ್ರೆ ನೀರು ಹೊರಗೆ ಹೋಗೋಕೆ ಎಕ್ಸಾಸ್ಟ್ ಗಾಳಿಯ ಒತ್ತಡ ಇರಲ್ಲ, ಎಕ್ಸಾಸ್ಟ್‌ನಿಂದ ವಾಪಸ್ ಸಿಲಿಂಡರ್‌ಗೆ ನುಗ್ಗುತ್ತೆ, ಅಷ್ಟು ಕಷ್ಟಪಟ್ಟಿದ್ದೆಲ್ಲ ಒಂದೇ ನಿಮಿಷದಲ್ಲಿ ವೇಸ್ಟ್.

ಕೆರೆಗೆ ಇಳಿಸೋವಾಗ ಸೊಂಟದಷ್ಟು ನೀರಿಗೆ ತಳ್ಕೊಂಡು ಹೋಗಿ ಸ್ಟಾರ್ಟ್ ಮಾಡಿ, ದಡದ ಹತ್ರ ಮಾಡಿದ್ರೆ ನೀರು ಎಳೆದು ಹಿಂದಕ್ಕೆ ಚಿಮ್ಮಿ ಗಾಡಿ ತಳ್ಳೋ ಪಂಪು ಮರಳು ಕಲ್ಲೂ ಎಳ್ಕೊಳ್ಳುತ್ತೆ, ಅದು ಒಳಗೆ ತಿರುಗೋ ಇಂಪೆಲ್ಲರ್ ರೆಕ್ಕೆಗಳನ್ನ ತಿಂದ್ಹಾಕುತ್ತೆ. ಲೈಫ್ ಜಾಕೆಟ್ ಹಾಕ್ಕೊಂಡೇ ಹತ್ತಿ. ಮೊದ್ಲು ಮಂಡಿ ಊರಿ, ಸ್ಪೀಡ್ ಹಿಡಿದ ಮೇಲೆ ಎದ್ದು ನಿಲ್ಲಿ, ನಿಂತ ಗಾಡೀಲಿ ಬ್ಯಾಲೆನ್ಸ್ ಸಿಗೋದೇ ಇಲ್ಲ. ಬಿದ್ರೆ ಗಾಬರಿ ಬೇಡ, ಹಳೇ ಮಾಡೆಲ್‌ಗಳು ಐಡ್ಲಿಂಗಲ್ಲೇ ನಿಧಾನಕ್ಕೆ ಸುತ್ತು ಹಾಕ್ತಾ ಹತ್ರ ಬರೋ ಥರ ಮಾಡಿರೋವು.

ಮನೆಗೆ ತಂದ್ಮೇಲೆ ಹುಡ್ ತೆಗೆದೇ ಒಣಗೋಕೆ ಬಿಡಿ. ಮತ್ತೆ ತಿಂಗಳುಗಟ್ಲೆ ನಿಲ್ಲಿಸೋದಿದ್ರೆ ಟ್ಯಾಂಕಲ್ಲಿ ಪೆಟ್ರೋಲ್ ಬಿಡ್ಬೇಡಿ.